ಏಟು ಒಂದೇ, ಬೀಳುವ ಬೆನ್ನು ಬೇರೆ



ಕ್ಯಾಲನೂರಿನ ಸಂಘದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿ ಮುಗಿದ ಮೇಲೂ ಒಬ್ಬ ತಾಯಿ ಏಳದೆ ಕೂತಿದ್ದಳು. ಒಂಬತ್ತನೇ ತರಗತಿಯ ಮಗ ಶಾಲೆ ಬಿಟ್ಟಿದ್ದಾನೆ. ನಡಿಗೆ ಹೆಣ್ಣಿನಂತಿದೆ ಎಂದು ಹುಡುಗರು ಹೊಡೆಯುತ್ತಿದ್ದರು. ಹೊಡೆಯುವಾಗ ಜಾತಿ ಎತ್ತಿ ಬೈಯುತ್ತಿದ್ದರು. ಮನೆಗೆ ಬಂದರೆ ಅಪ್ಪನ ಬೆಲ್ಟು. 'ಯಾವುದಕ್ಕೆ ಹೊಡೀತಾರೋ ಅವನಿಗೇ ತಿಳಿಯಲ್ಲಕ್ಕ' ಎಂದಳು.

ಇಂಥದೇ ಸ್ವಭಾವದ ಇನ್ನೊಬ್ಬ ಹುಡುಗನನ್ನು ನಾನು ಬಲ್ಲೆ. ಜಮೀನು ಇರುವ ಮನೆ. ಅವನನ್ನೂ ಮನೆಯವರು ಬಡಿದರು, ಹರಕೆ ಹೊತ್ತರು, ಅವನೂ ಅತ್ತ. ಆದರೆ ಬೀದಿಯಲ್ಲಿ ಯಾರೂ ಅವನ ಮೇಲೆ ಕೈ ಎತ್ತಲಿಲ್ಲ. ಬೆಂಗಳೂರಿನ ಹಾಸ್ಟೆಲ್ಲಿಗೆ ಕಳಿಸಿದರು, ಓದು ನಿಲ್ಲಲಿಲ್ಲ. ದೌರ್ಜನ್ಯ ಎಲ್ಲರಿಗೂ ಒಂದೇ ಎಂದು ವೇದಿಕೆಗಳಲ್ಲಿ ಹೇಳುತ್ತಾ ಬಂದವಳು ನಾನು. ಆ ದಿನ ಬಾಯಿ ಕಟ್ಟಿತು.

2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದನೆಂದು ಹದಿನೈದರ ದಲಿತ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದ್ದರು. ಬರೀ ಮುಟ್ಟಿದ್ದಕ್ಕೆ ಇಷ್ಟು. ಅಂಥ ಊರಲ್ಲಿ ದಲಿತರ ಹುಡುಗ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಹೊರಟರೆ? ಅಮೆರಿಕದ ಕಪ್ಪು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಇದನ್ನು ನಾಲ್ಕು ರಸ್ತೆ ಕೂಡುವ ಕಡೆ ಆಗುವ ಅಪಘಾತಕ್ಕೆ ಹೋಲಿಸಿದ್ದರು. ಗಾಡಿ ಎರಡು ದಿಕ್ಕಿನಿಂದಲೂ ಬರುತ್ತದೆ.

ಹುಡುಗಿಯರ ಕಥೆ ಹೊರಗೆ ಬರುವುದೇ ಇಲ್ಲ. ಗೆಳತಿಯನ್ನು ಬಿಟ್ಟಿರಲಾರೆ ಎಂದವಳಿಗೆ ತಿಂಗಳೊಳಗೆ ಗಂಡು ಗೊತ್ತಾಗುತ್ತದೆ. ಅವಸರದ ಮದುವೆಗೆ ವರದಕ್ಷಿಣೆಯೂ ಹೆಚ್ಚು, ಕೇಳುವವರಿಗೆ ನಮ್ಮ ಭಯದ ವಾಸನೆ ಬೇಗ ಹತ್ತುತ್ತದೆ.

ಕಾನೂನು ಇಲ್ಲವೆಂದಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಒಪ್ಪಿತ ವಯಸ್ಕರ ಸಂಬಂಧ ಅಪರಾಧವಲ್ಲ ಎಂದಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಹೆಂಡತಿ ಮಾತ್ರವಲ್ಲ, ಮಗಳೂ ದೂರು ಕೊಡಬಹುದು. 2012ರ ಪೋಕ್ಸೋ ಹುಡುಗ ಹುಡುಗಿ ಎಂದು ನೋಡುವುದಿಲ್ಲ. ಜಾತಿ ನಿಂದನೆಗೆ 1989ರ ಕಾಯಿದೆ ಇದೆ. ಆದರೆ 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯಿದೆ ಬಂದಾಗ, ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೂ ಇಟ್ಟದ್ದು ಆರು ತಿಂಗಳಿಂದ ಎರಡು ವರ್ಷದ ಶಿಕ್ಷೆ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ. ಬೆಲೆ ಕಟ್ಟಿದ ಬಗೆ ನೋಡಿ!

ನಮ್ಮ ಹುಡುಗ ತಾನೇನೆಂದು ಇನ್ನೂ ಹೇಳಿಲ್ಲ, ನಾವೂ ಕೇಳಿಲ್ಲ. ಅದು ಅವನ ಮಾತು. ಹೊಡೆದವರೂ ಮಕ್ಕಳೇ, ಅವರನ್ನು ಠಾಣೆಗೆ ಎಳೆಯುವುದು ತಾಯಿಗೂ ಬೇಕಿಲ್ಲ. ನಡೆದದ್ದನ್ನು ಮುಖ್ಯೋಪಾಧ್ಯಾಯರು ಬರೆದುಕೊಳ್ಳಲಿ, ಮಗನನ್ನು ಮತ್ತೆ ಸೇರಿಸಿಕೊಳ್ಳಲಿ, ಅಷ್ಟೇ. ಸೋಮವಾರ ಸಂಘದಿಂದ ಆರು ಜನ ಹೋಗುತ್ತಿದ್ದೇವೆ. ಅದರಲ್ಲಿ ಇಬ್ಬರ ಮಕ್ಕಳು ಹೊಡೆದವರ ಗುಂಪಿನಲ್ಲಿದ್ದರು. ಬರುತ್ತೇವೆ ಎಂದು ಅವರೇ ಮೊದಲು ಕೈ ಎತ್ತಿದ್ದು. ಅಪ್ಪನ ಬೆಲ್ಟಿನ ವಿಷಯ ಮಾತ್ರ ಇನ್ನೂ ಬಾಕಿ ಇದೆ.