ಕರುಳಿನ ಒಳಪೊರೆ ಮತ್ತು ರೋಗನಿರೋಧಕ ಶಕ್ತಿಯ ಸಮತೋಲ

ಕೋವಿಡ್ ಮಹಾಮಾರಿಯ ದಿನಗಳಿಂದೀಚೆಗೆ 'ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ' ಎಂಬ ಮಾತು ಪುಡಿ, ಪಾನೀಯ, ಗುಳಿಗೆಗಳ ಡಬ್ಬಿಗಳ ಮೇಲೆಲ್ಲ ರಾರಾಜಿಸುತ್ತಿದೆ. ದಿನದ ಬೇಳೆಕಾಳಿಗೆ ಕೊರತೆ ಮಾಡಿಕೊಂಡು ಇಂಥ ಡಬ್ಬಿಗಳಿಗೆ ಹಣ ತೆರುವ ಕುಟುಂಬಗಳನ್ನು ನಾವು ಕಾಣುತ್ತಿದ್ದೇವೆ. ಈ ವ್ಯಾಮೋಹದ ಹಿಂದಿರುವ ಕಲ್ಪನೆಯೇ ಅಪೂರ್ಣವಾದುದೆಂಬುದು ನಮ್ಮ ಅಭಿಪ್ರಾಯ. ರೋಗನಿರೋಧಕ ಶಕ್ತಿ ಕುಂದಿದರೆ ಸೋಂಕು ತಗಲುತ್ತದೆ ಎಂಬುದು ನಿಜ. ಆದರೆ ಅದೇ ಶಕ್ತಿ ಅಕಾರಣವಾಗಿ ಕೆರಳಿದರೆ ಅಲರ್ಜಿ, ಆಸ್ತಮಾ, ಕೀಲುಗಳನ್ನು ಬಾಧಿಸುವ ಆಮವಾತ, ಕರುಳಿನ ದೀರ್ಘಕಾಲಿಕ ಉರಿಯೂತ ಮೊದಲಾದ ವ್ಯಾಧಿಗಳು ತಲೆದೋರುತ್ತವೆ. ಹೀಗಾಗಿ ನಾವು ಬಯಸಬೇಕಾದುದು ಆ ಶಕ್ತಿಯ ಸಮತೋಲವನ್ನು. ಅದನ್ನು ಕಾಪಾಡುವ ಬಹುದೊಡ್ಡ ನೆಲೆ ನಮ್ಮ ಕರುಳಿನ ಒಳಪೊರೆ.

ಉಂಡ ಅನ್ನವು ಹೊಟ್ಟೆಯೊಳಗೆ ಇಳಿದ ಮಾತ್ರಕ್ಕೆ ದೇಹದೊಳಗೆ ಸೇರಿತೆಂದು ಹೇಳಲಾಗದು. ಕರುಳಿನ ಪೊರೆಯನ್ನು ದಾಟಿ ರಕ್ತವನ್ನು ಸೇರಿದಾಗಲಷ್ಟೇ ಅದು ನಮ್ಮದಾಗುತ್ತದೆ. ಮಡಿಕೆಗಳನ್ನೂ ಸೂಕ್ಷ್ಮ ಚಾಚಿಕೆಗಳನ್ನೂ ಬಿಡಿಸಿ ಹಾಸಿದರೆ ಈ ಪೊರೆಯ ವಿಸ್ತಾರ ಸುಮಾರು 30 ಚದರ ಮೀಟರಿನಷ್ಟಾಗುತ್ತದೆ. ಇಷ್ಟು ವಿಶಾಲವಾದ ಗಡಿಯಲ್ಲಿ ಹೊರಗಿನ ಲೋಕಕ್ಕೂ ನಮ್ಮ ರಕ್ತಕ್ಕೂ ನಡುವೆ ಇರುವುದು ಒಂದೇ ಒಂದು ಸಾಲಿನ ಜೀವಕೋಶಗಳು! ಅವುಗಳಲ್ಲಿ ಹೆಚ್ಚಿನವು ಮೂರರಿಂದ ಐದು ದಿನಗಳಲ್ಲಿ ಸವೆದು ಉದುರಿ, ಹೊಸ ಕೋಶಗಳು ಅವುಗಳ ಸ್ಥಾನವನ್ನು ತುಂಬುತ್ತವೆ.

ಈ ಪೊರೆಯ ಕಾಯಕವನ್ನು ಹಿಂದಿನ ಕಾಲದ ಊರ ಅಗಸೆಯ ಕಾವಲಿಗೆ ಹೋಲಿಸಬಹುದು. ಬಾಗಿಲನ್ನು ಸದಾ ಮುಚ್ಚಿದರೆ ಊರು ಉಪವಾಸ ಬೀಳುತ್ತದೆ. ಸದಾ ತೆರೆದಿಟ್ಟರೆ ಕಳ್ಳರು ನುಗ್ಗುತ್ತಾರೆ. ಬಂದವರನ್ನೆಲ್ಲ ಬಡಿಯತೊಡಗಿದರೆ ಊರೇ ರಣರಂಗವಾಗುತ್ತದೆ. ಕರುಳಿನಲ್ಲಿ ಮೊದಲ ಕಾವಲು ಲೋಳೆಯ ಪದರದ್ದು. ಅದರ ಕೆಳಗೆ, ಒಂದು ಕೋಶವನ್ನು ಇನ್ನೊಂದಕ್ಕೆ ಬಿಗಿದಿರುವ ಪ್ರೋಟೀನಿನ ಬೆಸುಗೆಗಳಿವೆ. ಐಜಿಎ ಎಂಬ ಪ್ರತಿಕಾಯವು ಲೋಳೆಯಲ್ಲಿ ಬೆರೆತು, ರೋಗಾಣುಗಳು ಗೋಡೆಗೆ ಅಂಟದಂತೆ ಸದ್ದಿಲ್ಲದೆ ತಡೆಯುತ್ತದೆ. ಪೊರೆಯ ಹಿಂಬದಿಯಲ್ಲಿ ನಮ್ಮ ರೋಗನಿರೋಧಕ ಕೋಶಗಳ ಬಹುದೊಡ್ಡ ಪಡೆಯೇ ಬೀಡುಬಿಟ್ಟಿದೆ. ಅವು ಕರುಳಿನೊಳಗಿನ ವಸ್ತುಗಳ ಮಾದರಿಗಳನ್ನು ನಿರಂತರವಾಗಿ ಪರೀಕ್ಷಿಸುತ್ತ, ಯಾವುದು ಅನ್ನ, ಯಾವುದು ಸಹಜೀವಿ, ಯಾವುದು ಶತ್ರು ಎಂಬುದನ್ನು ಕಲಿಯುತ್ತವೆ.

ಈ ಕಲಿಕೆಯಲ್ಲಿ ಹೋರಾಡುವುದಕ್ಕಿಂತ ಸುಮ್ಮನಿರುವುದನ್ನು ಕಲಿಯುವುದೇ ಕಠಿಣ. ಕರುಳಿನಲ್ಲಿ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ನೆಲೆಸಿವೆ. ಅವುಗಳೆಲ್ಲದರ ಮೇಲೂ ಯುದ್ಧ ಸಾರಿದರೆ ದೇಹ ಉಳಿಯದು. ಅಂಥ ಅನಗತ್ಯ ಯುದ್ಧವನ್ನು ತಡೆಯುವ 'ನಿಯಂತ್ರಕ ಟಿ-ಕೋಶ'ಗಳನ್ನು ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ 1995ರಲ್ಲಿ ಗುರುತಿಸಿದರು. ಈ ಕ್ಷೇತ್ರದ ಸಂಶೋಧನೆಗಾಗಿ ಅವರಿಗೂ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಈ ಶಾಂತಿಪಾಲಕ ಕೋಶಗಳಿಗೂ ನಮ್ಮ ತಟ್ಟೆಗೂ ನಿಕಟ ಸಂಬಂಧವಿದೆ. ನಾವು ತಿಂದ ನಾರಿನಂಶವನ್ನು ನಮ್ಮ ಜಠರವಾಗಲಿ ಸಣ್ಣ ಕರುಳಾಗಲಿ ಅರಗಿಸಲಾರವು. ಅದು ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಪೊರೆಯ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ಅದು ನಿಯಂತ್ರಕ ಟಿ-ಕೋಶಗಳ ಬೆಳವಣಿಗೆಗೂ ನೆರವಾಗುತ್ತದೆಂದು 2013ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. 2016ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟಾಗ ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಲೋಳೆಯ ಪದರವನ್ನೇ ತಿಂದು ತೆಳುವಾಗಿಸಿದವು. ಕಾವಲುಗಾರನಿಗೆ ಕೂಳಿಕ್ಕದ ಊರಿಗೆ ಒದಗುವ ಗತಿ ಇದು.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಬೇಕೆಂದು 2023ರಲ್ಲಿ ಸಲಹೆ ನೀಡಿದೆ. ಜೋಳದ ರೊಟ್ಟಿ, ಕಾಳುಪಲ್ಯ, ಪುಂಡಿ ಅಥವಾ ಮೆಂತ್ಯದ ಸೊಪ್ಪು, ಅಗಸೆಬೀಜದ ಚಟ್ನಿ ಇವುಗಳನ್ನು ನಿತ್ಯವೂ ಉಣ್ಣುವವರಿಗೆ ಇದೇನೂ ದುಸ್ಸಾಧ್ಯವಲ್ಲ. ಜೋಳ, ನವಣೆಗಳ ನಾಡಿನಲ್ಲಿಯೇ ಮೈದಾದ ತಿನಿಸು ಮತ್ತು ಪಾಲಿಶ್ ಮಾಡಿದ ಅಕ್ಕಿ ಎರಡೂ ಹೊತ್ತಿನ ಊಟವನ್ನು ಆಕ್ರಮಿಸುತ್ತಿರುವುದು ನಮಗೆ ಕಳವಳದ ಸಂಗತಿಯಾಗಿ ತೋರುತ್ತದೆ. ಮೊಸರು, ಮಜ್ಜಿಗೆಗಳಂಥ ಹುದುಗಿದ ಆಹಾರಕ್ಕೂ ಇಲ್ಲಿ ಸ್ಥಾನವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ, ಹತ್ತು ವಾರ ಹುದುಗಿದ ಆಹಾರವನ್ನು ಹೆಚ್ಚಾಗಿ ಸೇವಿಸಿದವರ ರಕ್ತದಲ್ಲಿ ಉರಿಯೂತಸೂಚಕ ಪ್ರೋಟೀನುಗಳಲ್ಲಿ ಹಲವು ಇಳಿಮುಖವಾಗಿದ್ದವು.

ಪೊರೆಗೆ ಹಿತವಾದುದನ್ನು ಉಣ್ಣುವುದರ ಜೊತೆಗೆ ಅಹಿತವಾದುದನ್ನು ಬಿಡಬೇಕು. ಹೊಲದ ದುಡಿಮೆಯ ಮೈಕೈ ನೋವಿಗೆ ವೈದ್ಯರನ್ನು ಕೇಳದೆ ದಿನವೂ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳನ್ನು ನುಂಗುವ ಹಿರಿಯರು ಅನೇಕರು. ಇವು ಜಠರ ಮತ್ತು ಸಣ್ಣ ಕರುಳಿನ ಪೊರೆಯಲ್ಲಿ ಹುಣ್ಣುಗಳನ್ನು ಉಂಟುಮಾಡಬಲ್ಲವು. ವೈರಸ್‌ನಿಂದ ಬರುವ ಸಾಮಾನ್ಯ ನೆಗಡಿಗೂ ಆ್ಯಂಟಿಬಯಾಟಿಕ್ ಕೇಳಿ ಪಡೆಯುವುದು ಇನ್ನೊಂದು ದುರಭ್ಯಾಸ. ಅದರಿಂದ ನೆಗಡಿ ವಾಸಿಯಾಗದು. ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳು ಮಾತ್ರ ಸಾಯುತ್ತವೆ. ವೈದ್ಯರು ಅಗತ್ಯವೆಂದು ಬರೆದುಕೊಟ್ಟ ಔಷಧಿಯನ್ನು ತಾನಾಗಿ ನಿಲ್ಲಿಸುವುದೂ ತಪ್ಪೇ.

ಇದು ಕೇವಲ ವೈಯಕ್ತಿಕ ಪಥ್ಯದ ವಿಷಯವಲ್ಲ. ಕೊಳಕು ನೀರು ಕುಡಿದು ಮತ್ತೆ ಮತ್ತೆ ಸೋಂಕಿಗೆ ಒಳಗಾಗುವ ಮಕ್ಕಳ ಕರುಳಿನ ಚಾಚಿಕೆಗಳು ಮೊಂಡಾಗುತ್ತವೆ, ಉರಿಯೂತ ಸದಾ ಹೊಗೆಯಾಡುತ್ತದೆ, ಉಂಡದ್ದು ಮೈಗೆ ಹತ್ತದು. ವೆಲ್ಲೂರಿನ ವೈದ್ಯ ಡಾ. ಟಿ. ಜೇಕಬ್ ಜಾನ್ ಅವರು, ಬಾಯಿಗೆ ಹಾಕುವ ಪೋಲಿಯೊ ಹನಿಗೆ ನಮ್ಮ ಮಕ್ಕಳಲ್ಲಿ ಪ್ರತಿರೋಧ ಸಾಕಷ್ಟು ಮೂಡುತ್ತಿಲ್ಲವೆಂದು 1970ರ ದಶಕದಲ್ಲಿಯೇ ತೋರಿಸಿಕೊಟ್ಟರು. ಕರುಳಿನಲ್ಲಿರುವ ಇತರ ಸೋಂಕುಗಳೂ ಅದಕ್ಕೆ ಕಾರಣವೆಂದು ತಜ್ಞರು ಹೇಳುತ್ತಾರೆ. ಹನಿಯನ್ನು ಪಟ್ಟುಬಿಡದೆ ಪದೇ ಪದೇ ಹಾಕಿಸಿದ್ದರಿಂದಲೇ 2014ರಲ್ಲಿ ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಶುದ್ಧ ನೀರು, ಶೌಚಾಲಯ, ತಾಯಿಯ ಎದೆಹಾಲು, ಕಾಲಕಾಲದ ಲಸಿಕೆ ಇವೆಲ್ಲ ರೋಗನಿರೋಧಕ ಶಕ್ತಿಯನ್ನು ಕಾಯುವ ಸಾಧನಗಳೇ. ಜಾಹೀರಾತಿನ ಡಬ್ಬಿಗೆ ಸಿಗುವ ಗೌರವದಲ್ಲಿ ಅರ್ಧವಾದರೂ ಇವಕ್ಕೆ ಸಿಗಬೇಕು.

ಒಂದು ಎಚ್ಚರಿಕೆಯ ಮಾತು. 'ಸೋರುವ ಕರುಳು' ಎಂಬ ಹೆಸರಿನಲ್ಲಿ ಎಲ್ಲ ಕಾಯಿಲೆಗೂ ಕರುಳೇ ಮೂಲವೆಂದು ಹೇಳಿ ದುಬಾರಿ ಪರೀಕ್ಷೆ, ಪುಡಿಗಳನ್ನು ಮಾರುವವರಿಗೆ ಮರುಳಾಗಬಾರದು. ಮಲದಲ್ಲಿ ರಕ್ತ, ವಾರಗಟ್ಟಲೆ ನಿಲ್ಲದ ಭೇದಿ, ಕಾರಣವಿಲ್ಲದೆ ಇಳಿಯುವ ತೂಕ ಕಂಡುಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.

ನೂರಾರು ಮಕ್ಕಳಿಗೆ ನಿತ್ಯ ಅನ್ನವಿಕ್ಕುವ ವಿದ್ಯಾರ್ಥಿನಿಲಯಗಳೂ ದಾಸೋಹದ ಅಡುಗೆಮನೆಗಳೂ ಈ ದಿಸೆಯಲ್ಲಿ ಮೊದಲ ಹೆಜ್ಜೆ ಇಡಬಹುದು. ವಾರದಲ್ಲಿ ಕೆಲವು ದಿನವಾದರೂ ಅಕ್ಕಿಯ ಬದಲು ಜೋಳ ಅಥವಾ ನವಣೆ, ದಿನವೂ ಒಂದು ಕಾಳು, ಒಂದು ಸೊಪ್ಪು, ಕುಡಿಯಲು ಮಜ್ಜಿಗೆ ಮತ್ತು ಶುದ್ಧ ನೀರು ದೊರೆಯುವಂತಾಗಲಿ. ನಾರಿನ ಆಹಾರಕ್ಕೆ ಹೊಟ್ಟೆ ಹೊಂದಿಕೊಳ್ಳಲು ಸಮಯ ಬೇಕಾದುದರಿಂದ ಬದಲಾವಣೆ ಮೆಲ್ಲಮೆಲ್ಲನೆ ನಡೆಯಲಿ. ಬೆಳೆಯುವ ಮಕ್ಕಳ ತಟ್ಟೆಯಲ್ಲಿ ಇದು ರೂಢಿಗೆ ಬಂದರೆ, ನಾಳೆ ಅವರ ಮನೆಗಳ ಒಲೆಯ ಮೇಲೂ ಅದು ಉಳಿದೀತೆಂಬುದು ನಮ್ಮ ನಂಬಿಕೆ.