ಡಾಕ್ಟರಿಗೆ ತಿಂಗಳ ಪಗಾರವೋ, ಎಣಿಕೆಯ ಕೂಲಿಯೋ?

2024ರಲ್ಲಿ ನಾರಾಯಣಪೇಟೆಗೂ ಗದ್ವಾಲಕ್ಕೂ ಒಂದೊಂದು ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಜಡ್ಡು ಜೋರಾದರೆ ರಾಯಚೂರು, ಕರ್ನೂಲು, ಮಹಬೂಬನಗರ ಎಂದು ಬಸ್ಸು ಹತ್ತುತ್ತಿದ್ದ ಈ ಭಾಗದ ಜನಕ್ಕೆ ಇದು ಸಣ್ಣ ಮಾತಲ್ಲ. ಕಟ್ಟಡ ಎಷ್ಟು, ಹಾಸಿಗೆ ಎಷ್ಟು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಡಾಕ್ಟರಿಗೆ ರೊಕ್ಕ ಹೇಗೆ ಕೊಡಬೇಕು ಎಂಬ ಮಾತು ಮಾತ್ರ ಅಷ್ಟಾಗಿ ಕೇಳಿಸುವುದಿಲ್ಲ. ತಿಂಗಳಿಗೊಮ್ಮೆ ಪಗಾರ ಕೊಡುವುದೋ, ಇಷ್ಟು ಪೇಷಂಟು ನೋಡಿದರೆ ಇಷ್ಟು, ಇಷ್ಟು ಆಪರೇಷನ್ ಮಾಡಿದರೆ ಇಷ್ಟು ಎಂದು ಎಣಿಸಿ ಕೊಡುವುದೋ? ಅದು ಡಾಕ್ಟರ ಮನೆಯ ಲೆಕ್ಕ, ನಮಗ್ಯಾಕೆ ಎನ್ನುವಂತಿಲ್ಲ. ಆ ಲೆಕ್ಕ ತಪ್ಪಿದರೆ ದಂಡ ಕಟ್ಟುವುದು ನಮ್ಮ ಮೈಯಿ, ನಮ್ಮ ಹೊಲ.

ಕೂಲಿ ಕೊಡುವ ರೀತಿ ಕೆಲಸದ ರೀತಿಯನ್ನೇ ಬದಲಿಸುತ್ತದೆ ಎಂದು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಭತ್ತದ ನಾಟಿಯನ್ನು ದಿನಗೂಲಿಗೆ ಕೊಟ್ಟರೆ ಹೊತ್ತು ಮುಳುಗಿದರೂ ಮಡಿ ಮುಗಿಯುವುದಿಲ್ಲ. ಎಕರೆಗೆ ಇಷ್ಟೆಂದು ಗುತ್ತ ಕೊಟ್ಟರೆ ಬೇಗ ಮುಗಿಯುತ್ತದೆ, ಆದರೆ ಸಸಿ ಮೊಳಕ್ಕೊಂದು. ಹತ್ತಿ ಬಿಡಿಸಲು ಕಿಲೋ ಲೆಕ್ಕ ಇಟ್ಟರೆ ಚೀಲ ಲಗೂನೆ ತುಂಬುತ್ತದೆ, ಒಣ ಎಲೆ ಸಮೇತ. ಗದ್ವಾಲದ ನೇಕಾರನಿಗೂ ಸೀರೆಯ ಲೆಕ್ಕದ ಕೂಲಿಯೇ. ಆದರೆ ಸೀರೆಯನ್ನು ಬಿಚ್ಚಿ ನೋಡಬಹುದು. ತಪ್ಪಿದ ಎಳೆ ಸಾವುಕಾರನ ಕಣ್ಣಿಗೆ ಬೀಳುತ್ತದೆ. ಆಪರೇಷನ್ ಬೇಕಿತ್ತೋ ಬೇಡವಾಗಿತ್ತೋ ಎಂಬುದನ್ನು ಹೊಲಿಗೆ ಹಾಕಿದ ಮೇಲೆ ಬಿಚ್ಚಿ ನೋಡುವವರು ಯಾರು?

ಹೊರರೋಗಿ ಬೇರೆ, ಒಳರೋಗಿ ಬೇರೆ

ಅಮೆರಿಕದಲ್ಲಿ ಈ ಎಣಿಕೆ ಬಹಳ ಮುಂದೆ ಹೋಗಿದೆ. ಅಲ್ಲಿನ ಸರ್ಕಾರದ ಮೆಡಿಕೇರ್ ಯೋಜನೆಯಲ್ಲಿ 1992ರಿಂದ ಡಾಕ್ಟರು ಮಾಡುವ ಒಂದೊಂದು ಕೆಲಸಕ್ಕೂ ಒಂದೊಂದು ಅಂಕವಿದೆ. ಅನೇಕ ಆಸ್ಪತ್ರೆಗಳು ಅದೇ ಅಂಕ ಕೂಡಿಸಿ ತಮ್ಮ ಡಾಕ್ಟರಿಗೆ ಸಂಬಳ ಗೊತ್ತು ಮಾಡುತ್ತವೆ. ನಮ್ಮ ಪಟ್ಟಣಗಳ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿಯೂ ಇಂಥದೇ ಪದ್ಧತಿ ಇದೆ: ಮೊದಲು ಇಷ್ಟೆಂದು ಖಾತ್ರಿ ಮೊತ್ತ, ಆಮೇಲೆ ತಂದ ಆದಾಯದಲ್ಲಿ ಪಾಲು.

ಓ.ಪಿ.ಯಲ್ಲಿ ಎಣಿಕೆ ಸುಲಭ. ಚೀಟಿ ಎಣಿಸಿದರಾಯಿತು. ಬರೇ ಪಗಾರವಿದ್ದಲ್ಲಿ ನಲವತ್ತು ಮಂದಿ ನೋಡಿದವನಿಗೂ ನೂರೈವತ್ತು ಮಂದಿ ನೋಡಿದವನಿಗೂ ಒಂದೇ ಸಂಬಳ. ದುಡಿಯುವವನಿಗೆ ಬೇಸರ, ದುಡಿಯದವನಿಗೆ ಹಬ್ಬ. ಹಾಗೆಂದು ಚೀಟಿಗೆ ಇಷ್ಟೆಂದು ಕೊಟ್ಟರೆ ನಾಡಿ ಹಿಡಿಯುವಷ್ಟು ಹೊತ್ತೂ ಸಿಗುವುದಿಲ್ಲ. ತೆಲುಗಿನವ ತೆಲುಗಿನಲ್ಲಿ, ಕನ್ನಡದವ ಕನ್ನಡದಲ್ಲಿ ತನ್ನ ನೋವು ಹೇಳಿ ಮುಗಿಸುವುದರೊಳಗೆ ಗುಳಿಗೆ ಬರೆದಾಗಿರುತ್ತದೆ.

ವಾರ್ಡಿನ ಮಾತು ಇನ್ನೂ ಸೂಕ್ಷ್ಮ. ರಾತ್ರಿ ಪಾಳಿಯ ಡಾಕ್ಟರಿಗೆ ಎಷ್ಟು ಮಂದಿ ಬರುತ್ತಾರೆ ಎಂಬುದು ಅವರ ಕೈಯಲ್ಲಿಲ್ಲ. ಹಾವು ಕಡಿದವನೊಬ್ಬನ ಪಕ್ಕ ಬೆಳಗಿನ ತನಕ ಕೂತು ಉಳಿಸಿದರೆ ಲೆಕ್ಕದಲ್ಲಿ ಅದು ಒಂದೇ ಕೇಸು. "ಆಪರೇಷನ್ ಬ್ಯಾಡವ್ವಾ, ಔಷಧದಾಗ ಹೋಗ್ತದ" ಎಂದು ಹೇಳಿ ಮನೆಗೆ ಕಳಿಸಿದ ಡಾಕ್ಟರಿಗೆ ಲೆಕ್ಕದಲ್ಲಿ ಸೊನ್ನೆ. ಯಾವ ಕೆಲಸಕ್ಕೆ ಸೊನ್ನೆಯೋ ಆ ಕೆಲಸ ದಿನದಿನಕ್ಕೆ ಕಡಿಮೆಯಾಗುತ್ತದೆ.

ನಮ್ಮ ಜಿಲ್ಲೆಯಿಂದಲೇ ಶುರುವಾದ ಪಾಠ

ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ರಾಜಶೇಖರ ರೆಡ್ಡಿಯವರ ಸರ್ಕಾರ ಆರೋಗ್ಯಶ್ರೀಯನ್ನು 2007ರ ಏಪ್ರಿಲ್ 1ರಂದು ಮೊದಲು ತಂದದ್ದು ಮೂರೇ ಜಿಲ್ಲೆಗಳಲ್ಲಿ: ಅನಂತಪುರ, ಶ್ರೀಕಾಕುಳಂ ಮತ್ತು ಮಹಬೂಬನಗರ. ಆಗ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಮಹಬೂಬನಗರ ಜಿಲ್ಲೆಯಲ್ಲೇ ಇದ್ದವು. ಹೃದಯದ ಆಪರೇಷನ್ನಿಗೆ ಹೊಲ ಮಾರಬೇಕಿದ್ದ ಬಡವರು ಬಿಳಿ ಕಾರ್ಡು ತೋರಿಸಿ ಬದುಕಿ ಬಂದರು. ಆ ಉಪಕಾರ ಮರೆಯುವಂಥದಲ್ಲ.

ಆದರೆ ಅದು ರೊಕ್ಕ ಕೊಟ್ಟದ್ದು ಹೆಚ್ಚಾಗಿ ಒಳರೋಗಿಗೆ, ಅದೂ ಒಂದೊಂದು ಆಪರೇಷನ್ನಿಗೆ ಒಂದೊಂದು ಪ್ಯಾಕೇಜಿನಂತೆ. ಬಿ.ಪಿ., ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ತೋರಿಸಿಕೊಳ್ಳುವ ಮುದುಕಪ್ಪನ ಖರ್ಚು ಅವನ ಕಿಸೆಯಿಂದಲೇ. ಕತ್ತರಿಗೆ ಬೆಲೆ, ಮಾತಿಗೆ ಬೆಲೆ ಇಲ್ಲ ಎಂದಾದಾಗ ಕತ್ತರಿ ಹರಿತವಾಯಿತು. ಹಳ್ಳಿಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆಯುವ ಆಪರೇಷನ್ನುಗಳು ಮಿತಿಮೀರಿವೆ ಎಂಬ ದೂರು ಎದ್ದು, ಕೊನೆಗೆ ಸರ್ಕಾರವೇ ಆ ಆಪರೇಷನ್ನನ್ನು ಸರ್ಕಾರಿ ದವಾಖಾನೆಗಳಿಗೆ ಮೀಸಲಿಡಬೇಕಾಯಿತು. ಗಡಿಯ ಆಚೆಗೂ ಇದೇ ಕತೆ. ಕಲಬುರಗಿಯಲ್ಲಿ ತಾಂಡಾದ ಮತ್ತು ದಲಿತ ಕೇರಿಯ ಹೆಣ್ಣುಮಕ್ಕಳ ದೂರಿನ ಮೇಲೆ 2015ರಲ್ಲಿ ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥವೇ ಪ್ರಕರಣಗಳ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟು, ಇದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದಿತು. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಮೂವತ್ತೈದಕ್ಕೇ ನಡು ಮುರಿದರೆ ಆ ಮನೆಯ ಒಕ್ಕಲುತನವೇ ಅರ್ಧವಾಗುತ್ತದೆ.

ಹೆರಿಗೆಯ ಲೆಕ್ಕ ಇನ್ನೂ ಕಣ್ಣಿಗೆ ಹೊಡೆಯುವಂತಿದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ತೆಲಂಗಾಣದಲ್ಲಿ ನೂರಕ್ಕೆ 60.7 ಹೆರಿಗೆ ಸಿಸೇರಿಯನ್. ಖಾಸಗಿಯಲ್ಲಿ 81.5, ಸರ್ಕಾರಿಯಲ್ಲಿ 44.5. ಕರ್ನಾಟಕದಲ್ಲಿ ಒಟ್ಟು 31.5. ಕೃಷ್ಣೆಯ ನೀರು ಕುಡಿದ ಬಸುರಿಯರೇ ಎರಡೂ ಕಡೆ ಇದ್ದಾರೆ. ಮೈಕಟ್ಟಿನಲ್ಲಿ ಇಷ್ಟು ವ್ಯತ್ಯಾಸ ಇರಲಾರದು. ಮುಹೂರ್ತ ನೋಡಿ ಕೊಯ್ಯಿಸುವ ನಮ್ಮವರ ಚಪಲವೂ ಸೇರಿ, ವ್ಯತ್ಯಾಸ ಇರುವುದು ಪದ್ಧತಿಯಲ್ಲಿ.

ಇದನ್ನು ತಿರುಗಿಸಲು ತೆಲಂಗಾಣ ಸರ್ಕಾರ 2022ರಲ್ಲಿ ಎಣಿಕೆಯನ್ನೇ ಮಗ್ಗುಲು ಬದಲಿಸಿ ನೋಡಿತು. ಸರ್ಕಾರಿ ದವಾಖಾನೆಯ ಸಹಜ ಹೆರಿಗೆಗೆ 3,000 ರೂಪಾಯಿ ಪ್ರೋತ್ಸಾಹಧನ, ಅದೂ ಡಾಕ್ಟರೊಬ್ಬರಿಗೇ ಅಲ್ಲ, ನರ್ಸು, ಆಯಾ, ಆಶಾ ಎಲ್ಲರಿಗೂ ಹಂಚಿ ಎಂದು ಪ್ರಕಟಿಸಿತು. ತಂಡಕ್ಕೆ ಕೊಟ್ಟದ್ದು ಒಳ್ಳೆಯ ಬುದ್ಧಿ. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು: ನಿಜವಾಗಿ ಆಪರೇಷನ್ ಬೇಕಾದ ಬಸುರಿಯನ್ನು 3,000ದ ಆಸೆಗೆ ಕಾಯಿಸಿದರೆ ತಾಯಿ, ಕೂಸು ಎರಡೂ ಹೋದಾವು.

ಹಾಗಾದರೆ ಏನು ಬೇಕು?

ಬರೇ ಪಗಾರ ಸಾಕು ಎಂದು ಹೇಳುವವರ ಪೈಕಿ ನಾನಲ್ಲ. ಸರ್ಕಾರಿ ಪಗಾರ ತಗೊಂಡು ಸಂಜೆ ಸ್ವಂತ ನರ್ಸಿಂಗ್ ಹೋಮಿನಲ್ಲಿ ಕೂತವರನ್ನು ಎಲ್ಲರೂ ಕಂಡಿದ್ದೇವೆ. ಹೊಸದಾಗಿ ನೇಮಕವಾದ ಸರ್ಕಾರಿ ಡಾಕ್ಟರಿಗೆ ಖಾಸಗಿ ಪ್ರಾಕ್ಟೀಸು ಕೂಡದು ಎಂದು ತೆಲಂಗಾಣ 2022ರಲ್ಲಿ ನಿಯಮ ಮಾಡಿದ್ದು ಅದಕ್ಕೇ. ಹಾಗೆ ಬಾಗಿಲು ಮುಚ್ಚಿದ ಮೇಲೆ ಗದ್ವಾಲದಂಥ ಊರಿಗೆ ಬರುವ ಡಾಕ್ಟರಿಗೆ ಹೈದರಾಬಾದಿಗಿಂತ ಹೆಚ್ಚು ಪಗಾರ, ಇರಲು ಮನೆ ಕೊಡಬೇಕು. ಇಲ್ಲದಿದ್ದರೆ ಬೋರ್ಡು ಉಳಿಯುತ್ತದೆ, ಕುರ್ಚಿ ಖಾಲಿ.

ಪಗಾರ ಬೇರು, ಪ್ರೋತ್ಸಾಹಧನ ಮೇಲಿನ ಗೊಬ್ಬರ. ಗೊಬ್ಬರ ಹೆಚ್ಚಾದರೂ ಬೆಳೆ ಸುಡುತ್ತದೆ. ಓ.ಪಿ.ಯಲ್ಲಿ ತಲೆ ಎಣಿಸುವ ಬದಲು ಎಷ್ಟು ಮಂದಿಯ ಬಿ.ಪಿ., ಸಕ್ಕರೆ ಹತೋಟಿಗೆ ಬಂತು ಎಂದು ನೋಡಲಿ. ಬ್ರಿಟನ್ನಿನಲ್ಲಿ 2004ರಿಂದ ಊರ ಡಾಕ್ಟರಿಗೆ ಇಂಥ ಲೆಕ್ಕದಲ್ಲಿಯೂ ಒಂದು ಪಾಲು ಸಂದಿದೆ. ವಾರ್ಡಿನಲ್ಲಿ ಒಬ್ಬೊಬ್ಬರಿಗೆ ಬೇಡ, ತಂಡಕ್ಕೆ ಕೊಡಲಿ. ಆಪರೇಷನ್ ಬೇಕಿತ್ತೇ ಎಂದು ಬೇರೆ ಡಾಕ್ಟರು ತಪಾಸಣೆ ಮಾಡಲಿ. ಕೇಸು ತಂದುಕೊಟ್ಟವರಿಗೆ ಕಮಿಷನ್ ಕೊಡುವುದು ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ತಪ್ಪು. ಅದು ಕಾಗದದಲ್ಲಿ ಉಳಿದರೆ ಸಾಲದು.

ಇನ್ನೊಂದು ಮಾತು. 2023ರ ಡಿಸೆಂಬರಿನಲ್ಲಿ ಆರೋಗ್ಯಶ್ರೀಯ ಮಿತಿ ಐದು ಲಕ್ಷದಿಂದ ಹತ್ತು ಲಕ್ಷಕ್ಕೆ ಏರಿತು. 2025ರ ಸೆಪ್ಟೆಂಬರಿನಲ್ಲಿ ಬಾಕಿ ಬಂದಿಲ್ಲವೆಂದು ಖಾಸಗಿ ಆಸ್ಪತ್ರೆಗಳು ಆರೋಗ್ಯಶ್ರೀ ಸೇವೆಯನ್ನೇ ಕೆಲ ದಿನ ನಿಲ್ಲಿಸಿದವು. ಎಣಿಸಿ ಕೊಡುತ್ತೇನೆ ಎಂದವನು ಹೊತ್ತಿಗೆ ಕೊಡದಿದ್ದರೆ ಕೂಲಿಯವ ಕುಡಗೋಲು ಕೆಳಗಿಡುತ್ತಾನೆ. ಹೊಲದಲ್ಲಿ ನಿಂತ ಬೆಳೆ ಮಾತ್ರ ಕಾಯುವುದಿಲ್ಲ.

ಅಲ್ಲಿಯ ತನಕ ನಮ್ಮ ಕೈಯಲ್ಲಿರುವುದು ಒಂದೇ. ಆಪರೇಷನ್ ಎಂದ ಕೂಡಲೇ ತಲೆ ಅಲ್ಲಾಡಿಸದೆ, ಜೀವಕ್ಕೆ ಕೂಡಲೇ ಅಪಾಯ ಇಲ್ಲದಿದ್ದರೆ, ರಿಪೋರ್ಟು ಕೈಗೆ ತಗೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕು. ಒಂದು ಎತ್ತು ಕೊಳ್ಳಲು ಎರಡು ಸಂತೆ ತಿರುಗುವ ನಾವು, ಮನೆಯ ಹೆಣ್ಣುಮಗಳಿಗಾಗಿ ಎರಡು ದವಾಖಾನೆ ತಿರುಗಿದರೆ ತಪ್ಪೇನು?