ಪೂರ್ವಚರಿತ್ರೆಯ ಪತ್ರ

ಕಳೆದ ತಿಂಗಳು ನಮ್ಮ ಪೂರ್ವಶಿಷ್ಯನೊಬ್ಬನು ತಂದೆಯವರೊಡನೆ ನಮ್ಮ ಮನೆಗೆ ಬಂದಿದ್ದನು. ಗಡಿ ಕಾಯುವ ಪಡೆಯೊಂದಕ್ಕೆ ಆಯ್ಕೆಯಾಗಿದ್ದರೂ ಅವನ ಮುಖದಲ್ಲಿ ಹರ್ಷವಿರಲಿಲ್ಲ. ಎರಡು ವರ್ಷಗಳ ಹಿಂದೆ, ಮಿತ್ರನ ಮದುವೆಯ ರಾತ್ರಿ, ಕುಡಿದು ಮೋಟಾರು ಸೈಕಲ್ಲು ನಡೆಸಿ ಸಿಕ್ಕಿಬಿದ್ದು ನ್ಯಾಯಾಲಯದಲ್ಲಿ ದಂಡ ತೆತ್ತಿದ್ದನಂತೆ. ಎಂದಾದರೂ ಬಂಧನವಾಗಲಿ ಶಿಕ್ಷೆಯಾಗಲಿ ಆಗಿತ್ತೇ ಎಂದು ಈಗ ಪೂರ್ವಚರಿತ್ರೆಯ ಪತ್ರದಲ್ಲಿ ಪ್ರಶ್ನೆಯಿದೆ. "ದಂಡ ಕಟ್ಟಿ ಮುಗಿದುಹೋಯಿತಲ್ಲ ಮೇಷ್ಟ್ರೇ, ಇಲ್ಲವೆಂದು ಬರೆದುಬಿಡಲಿ" ಎಂದರು ತಂದೆಯವರು.

ಮುಗಿದುಹೋಯಿತೆಂಬುದೇ ಭ್ರಾಂತಿ. 1988ರ ಮೋಟಾರು ವಾಹನ ಶಾಸನದ 185ನೆಯ ಕಲಮಿನಂತೆ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ನಡೆಸಿದವನಿಗೆ ಮೊದಲ ಸಲವೇ 6 ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ ಉಂಟು. ನ್ಯಾಯಾಧೀಶರು ವಿಧಿಸಿದ ದಂಡವೂ ಶಿಕ್ಷೆಯೇ ಸರಿ.

2016ರಲ್ಲಿ ಅವತಾರ್ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ವಿಸ್ತಾರವಾಗಿ ವಿಚಾರಿಸಿತು. ಎಳೆವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಸಂಗವನ್ನು ಬಚ್ಚಿಟ್ಟಿದ್ದರೆ ಅಧಿಕಾರಿಗಳು ಮನ್ನಿಸಬಹುದು. ಕ್ಷುಲ್ಲಕವಲ್ಲದ ಶಿಕ್ಷೆಯನ್ನು ಬಚ್ಚಿಟ್ಟರೆ ನೇಮಕವನ್ನು ರದ್ದುಪಡಿಸಬಹುದು, ಕೆಲಸಕ್ಕೆ ಸೇರಿದವನನ್ನು ತೆಗೆದುಹಾಕಲೂಬಹುದು. ನಿಜ ಬರೆದವನನ್ನು ತೆಗೆದುಕೊಳ್ಳಲೇಬೇಕೆಂಬ ನಿರ್ಬಂಧವೂ ಸರಕಾರಕ್ಕಿಲ್ಲ. ಇದನ್ನು ನಾವು ಹುಡುಗನಿಗೆ ಮುಚ್ಚಿಡಲಿಲ್ಲ. ಆದರೆ ನಿಜ ಬರೆದವನ ಯೋಗ್ಯಾಯೋಗ್ಯತೆಯನ್ನು ಅವರು ತೂಗಿನೋಡಬೇಕಾಗುತ್ತದೆ. ಸುಳ್ಳು ಬರೆದವನ ತಲೆಯ ಮೇಲೆ ಕುಡಿತದ ಜತೆಗೆ ವಂಚನೆಯೂ ಕೂರುತ್ತದೆ. ಠಾಣೆಯ ವಿಚಾರಣೆಯಂತೂ ತಪ್ಪದು.

ಹುಡುಗನು ನಮ್ಮ ಲೇಖನಿಯನ್ನೇ ಕೇಳಿ ಪಡೆದು "ಹೌದು" ಎಂದು ಬರೆದನು. ದಿನಾಂಕವನ್ನೂ ದಂಡದ ಮೊತ್ತವನ್ನೂ ಕಾಣಿಸಿದನು. ತಂದೆಯವರು ಕಾಫಿಯನ್ನು ಮುಟ್ಟದೆ ಎದ್ದುಹೋದರು. ನೇಮಕದ ಆಜ್ಞೆ ಇನ್ನೂ ಬಂದಿಲ್ಲ.